ಮಾಳಿಗೆಯ ಮಣ್ಣು, ಬುನಾದಿಯ ನೀರು

ವಾಚಕ ಮಹಾಶಯರೇ, ಕಾರ್ಯನಿಮಿತ್ತ ಪರಸ್ಥಳಕ್ಕೆ ತೆರಳಿದ್ದ ನಮ್ಮ ಕಥಾನಾಯಕನು, ಸೂರ್ಯದೇವನು ಬೇವಿನ ಮರದ ನೆತ್ತಿಯನ್ನೇರುವ ಸುಸಮಯದಲ್ಲಿ, ಶಹಾಪುರದ ಹೊರವಲಯದಲ್ಲಿ ಬಸ್ಸಿನಿಂದ ಧರೆಗಿಳಿದನು — ಎಂದು ಖಂಡಪ್ಪನ ಮನಸ್ಸು ಎಂದಿನಂತೆ ತನ್ನನ್ನು ತಾನೇ ಪುಸ್ತಕ ಮಾಡಿಕೊಂಡು ಓದುತ್ತಿದ್ದಾಗ ಕಾಲಬುಡದಲ್ಲಿ ಬಿಳಿ ಮಣ್ಣು ಕಂಡಿತು, ಡಾಂಬರಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ, ಟ್ರ್ಯಾಕ್ಟರಿನ ಗಾಲಿಯುದ್ದಕ್ಕೂ, ಸೀದಾ ಅಕ್ಕನ ಮನೆಯ ಕಡೆಗೆ ತಿರುಗಿದ ಗೆರೆ, ಇದು ಸವಳು ಮಣ್ಣಲ್ಲವೇ, ಮಣ್ಣಿನ ಮಾಳಿಗೆ ಸೋರಬಾರದೆಂದು ಮುಂಗಾರಿಗೆ ಮುಂಚೆ ಬುಟ್ಟಿ ಬುಟ್ಟಿ ಹೊತ್ತು ಮೇಲೆ ಹರವಿ ತುಳಿಯುತ್ತಿದ್ದ ಮಣ್ಣು, ಒಂದು ಹನಿಯನ್ನೂ ಕೆಳಗೆ ಬಿಡದ ಮಣ್ಣು, ಈಗ ಈ ರಸ್ತೆಯಲ್ಲಿ ಯಾರಿಗೂ ಮಣ್ಣಿನ ಮಾಳಿಗೆಯೇ ಉಳಿದಿಲ್ಲ, ಎಲ್ಲರದೂ ಸಿಮೆಂಟಿನ ಛತ್ತು, ಮತ್ತೆ ಯಾರಿಗೆ ಬೇಕಾಯಿತು ಇದು — ಬಗಲಲ್ಲಿ ಯಾದಗಿರಿಯಿಂದ ತಂದ ಪೈಪಿನ ಎಲ್ಬೋ, ಮೊಣಕೈಯಂತೆ ಮಡಿಚಿಕೊಂಡಿರುವ ಆ ತುಂಡು, ನಿನ್ನೆಯೇ ಬರಬೇಕಿತ್ತು, ಬರುತ್ತಿದ್ದ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕಾದಂಬರಿಯ ಒಂದು ಅಧ್ಯಾಯ ಮಾತ್ರ ಎಂದುಕೊಂಡಿದ್ದ, ನಾಯಕಿಯ ಕಾರಿನ ಬ್ರೇಕು ಯಾರು ಕಿತ್ತರೆಂದು ತಿಳಿಯುವ ಹೊತ್ತಿಗೆ ಕಡೆಯ ಬಸ್ಸು ಹೋಗಿತ್ತು, ಹೋಗಲಿ, ನಾಳೆ ತಾನೇ ಕಾಲುವೆಗೆ ನೀರು ಬಿಡುವುದು, ಇವತ್ತು ಇಡೀ ದಿನ ಕೈಯಲ್ಲಿದೆ, ಎಲ್ಬೋ ಕೂರಿಸಿ ಖಡಿ ತುಂಬಿದರೆ ಮುಗಿಯಿತು, ಖಡಿ ಎಂದರೆ ಒಡೆದ ಕಲ್ಲು, ಅಂಗಳದಲ್ಲಿ ರಾಶಿಯಾಗಿ ಬಿದ್ದಿದೆ, ಮುಗಿಸಿಯೇ ತೀರುತ್ತಾನೆ ಖಂಡಪ್ಪ, ಈ ಸಲ ಮುಗಿಸದಿದ್ದರೆ ಅಕ್ಕ ಮರಿಲಿಂಗಮ್ಮನ ನಾಲಿಗೆಯಿಂದ ಅವನನ್ನು ಕಾಪಾಡುವ ದೇವರು ಇನ್ನೂ ಹುಟ್ಟಿಲ್ಲ.

ಮನೆ ದೂರದಿಂದಲೇ ಕಾಣುತ್ತದೆ, ಅರ್ಧ ನೆಲದೊಳಗೆ ಕುಸಿದು ಕೂತಂತೆ, ಇಡೀ ಓಣಿಯಲ್ಲಿ ಅಂಥದ್ದು ಅದೊಂದೇ, ಭಾವ ಬಸವಂತ್ರಾಯ ಆಯುಷ್ಯವೆಲ್ಲ ಹೈದರಾಬಾದಿಗೆ ಬಸ್ಸು ಓಡಿಸಿದ ಮನುಷ್ಯ, ಅಲ್ಲಿ ನೆಲದ ಕೆಳಗೆ ಅಂಗಡಿ ನೋಡಿ ಬಂದು ಕನಸು ಕಂಡ, ರಿಟೈರಾದ ಮೇಲೆ ಮನೆ ಕಟ್ಟಿದ, ಕೆಳಗೊಂದು ಕೋಣೆ, ಎದೆಯ ಮಟ್ಟ ನೆಲದೊಳಗೆ, ಮಿಕ್ಕಿದ್ದು ಮೇಲೆ, ಸುತ್ತ ಕಿಟಕಿ, ತಂಪು ತಂಪು, ಅಂಡರ್‌ಗ್ರೌಂಡ್ ಎಂದು ಭಾವ ಹೆಮ್ಮೆಯಿಂದ ಕರೆದ, ಮೊದಲ ವರ್ಷ ಮನೆಯ ಹಿಂದಿನ ಕಾಲುವೆಗೆ ನೀರು ಬಿಟ್ಟಾಗ ಮೊಣಕಾಲು ಮಟ್ಟ ನೀರು ನಿಂತು ಕಪ್ಪೆಗಳು ಸಂಸಾರ ಹೂಡಿದವು, ಬಾವಿಮನಿ ಎಂದು ಓಣಿ ಕರೆಯಿತು, ಬಸವಂತ್ರಾಯ್ರೇ ಬಿಂದಿಗಿ ತರ್ಲೇನ್ರಿ ಎಂದು ಪಕ್ಕದ ಮನೆಯ ಗಯಾಸ ಟ್ರ್ಯಾಕ್ಟರಿನ ಮೇಲೆ ಕೂತೇ ಕೂಗಿದ, ಭಾವ ಮೀಸೆ ತಿರುವಿ ಸುಮ್ಮನಾದ, ಆದರೆ ಈ ವರ್ಷ ಸುಮ್ಮನಾಗಲಿಲ್ಲ, ಅನ್ನದ ಮುಂದೆ ಕೂತು ಆಣೆ ಹಾಕಿದ, ಈ ಸಲ ಒಂದು ಗೇಣು ನೀರು ನಿಲ್ಲಲಿ, ಗಯಾಸನ ಟ್ರ್ಯಾಕ್ಟರ್ ಕರಸಿ ಗರಸು ಮಣ್ಣು ತುಂಬಿಸಿ ಮ್ಯಾಲ ಫರಸಿ ಕಲ್ಲು ಹಾಕಿ ಮುಚ್ಚಿಬಿಡ್ತೀನಿ, ಇತ್ತೋ ಇಲ್ಲೋ ಅನ್ನಂಗ — ಆಗ ಸರಿತಾಳ ಮುಖ ನೋಡಬೇಕಿತ್ತು, ಮಗಳು, ರೊಟ್ಟಿ ಮುರಿದ ಕೈ ಮುರಿದಲ್ಲೇ ನಿಂತಿತು, ಓಣಿಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ ಅವಳು, ಪಡಸಾಲೆಯ ಬಿಸಿಲಿನಲ್ಲಿ, ಗಾಳಿಗೆ ಹಾರುವ ಬಟ್ಟೆ ಹಿಡಿದುಕೊಂಡು, ಆ ಕೋಣೆ ಒಣಗಿದರೆ ಅಲ್ಲಿ ಮಷಿನು ಸಾಲಾಗಿ ಇಟ್ಟು ತನ್ನದೇ ಶಾಲೆ ಮಾಡುವ ಆಸೆ, ಒಣಗದಿದ್ದರೆ ಸುರಪುರದ ರೆಡಿಮೇಡ್ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುವ ಕೂಲಿ, ಅಲ್ಲಿಂದ ಕರೆ ಬಂದಿದೆ, ಭಾವನಿಗೂ ಅದೇ ಸರಿ ಅನಿಸಿದೆ — ಆಗಲೇ ಎಲ್ಲಿಂದಲೋ ಬಂದು ಪಡಸಾಲೆಯಲ್ಲಿ ಚೀಲ ಇಳಿಸಿದ್ದ ಖಂಡಪ್ಪನ ಬಾಯಿಂದ ಆ ಮಾತು ಹಾರಿತು, ಭಾವ, ಪುಣೇದಾಗ ದೊಡ್ಡ ಬಿಲ್ಡಿಂಗಿಗೆ ಮಣ್ಣು ಹೊರಾಕ ಹೋದಾಗ ನೋಡೀನ್ರಿ, ಬುನಾದಿ ಸುತ್ತ ಕಾಲುವಿ ತೋಡಿ ತೂತಿನ ಪೈಪ್ ಹಾಕ್ತಾರ, ನೆಲದ ನೀರು ಗ್ವಾಡಿಗೆ ಮುಟ್ಟೋದರಾಗ ಪೈಪ್ ಹಿಡಕೊಂಡು ಹಳ್ಳಕ್ಕ ಹೋಗ್ತದ, ನಾ ಮಾಡ್ತೀನಿ. ಅಕ್ಕ ಒಲೆಯ ಮುಂದಿನಿಂದಲೇ ಅಂದಳು, ಶುರು ಮಾಡೋದು ಮಾಡ್ತಿ ತಮ್ಮಾ, ಮುಗಸೋ ಟೈಮಿಗೆ ಯಾವ ರೈಲ್ ಹತ್ತತಿ ಮೊದಲ ಹೇಳಿಬಿಡು, ರೊಟ್ಟಿ ಕಟ್ಟಿಡ್ತೀನಿ.

ರೈಲು ಹತ್ತಲಿಲ್ಲ, ಗುದ್ದಲಿ ಹಿಡಿದ, ಎರೆಮಣ್ಣು ಒಣಗಿದಾಗ ಕಬ್ಬಿಣ, ಒದ್ದೆಯಾದಾಗ ಬೆಲ್ಲದ ಪಾಕ, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು, ಕಪ್ಪು ಮಣ್ಣಿನ ಕೆಳಗೆ ಗರಸಿನ ಪದರು ಸಿಕ್ಕಿತು, ಕೆಂಪು, ಸಣ್ಣ ಸಣ್ಣ ಹರಳು, ಇದೇ ಕಳ್ಳದಾರಿ, ಕಾಲುವೆಯ ನೀರು ಇದರೊಳಗಿಂದಲೇ ತೆವಳಿಕೊಂಡು ಬಂದು ಗೋಡೆಯ ಕೆಳಗೆ ನುಸುಳುತ್ತದೆ, ಪತ್ತೇದಾರ ಪುರುಷೋತ್ತಮನ ಕಣ್ಣುಗಳು ಮಿಂಚಿದವು ಎಂದು ಮನಸ್ಸು ಓದಿಕೊಂಡಿತು, ನಗು ಬಂತು, ತೋಡಿದ ಕಾಲುವೆಯೊಳಗೆ ಒಬ್ಬನೇ ನಕ್ಕದ್ದನ್ನು ಭಾವ ನೋಡಿದ, ಏ ಖಂಡ್ಯಾ ಬಿಸಿಲು ತಲಿಗಿ ಏರ್ಯಾದೇನೋ, ಪೈಪಿಗೆ ತೂತು ಕೊರೆದು ತೂತು ಕೆಳಗೆ ಮಾಡಿ ಇಟ್ಟಾಗ ಆ ಭಾವನಿಗೇ ತಲೆ ಕೆಟ್ಟಿತು, ತೂತು ಮ್ಯಾಲ ಇರಬೇಕೋ, ಕೆಳಗ ಇದ್ದರ ಬಂದ ನೀರೆಲ್ಲಾ ಸೋರಿ ಹೋಗ್ತದ, ಇಷ್ಟು ವರ್ಷ ಗಾಡಿ ಓಡಿಸೀನಿ, ತೂತು ಕೆಳಗಿದ್ದ ರೇಡಿಯೇಟರ್ ನಾ ನೋಡಿಲ್ಲ. ಭಾವ, ಇದು ಮಳಿ ನೀರಲ್ರಿ, ನೆಲದ ನೀರು, ಕೆಳಗಿಂದ ಏರ್ತದ, ತೂತಿಗೆ ಮುಟ್ಟಿದ ಕೂಡ್ಲೇ ಒಳಗ ಹೊಕ್ಕು ಹರದು ಹೋಗ್ತದ. ಹಂಗಂತೀ. ಹಂಗೇ ರಿ. ಭಾವ ಮೀಸೆ ತಿರುವಿ ಹೋದ, ಸ್ವಲ್ಪ ಹೊತ್ತಿಗೆ ತಾನೇ ಬಂದು ಇಳಿಜಾರು ನೋಡಲು ನೀರು ತುಂಬಿದ ಲೆವಲ್ ಪೈಪಿನ ಆ ತುದಿ ಹಿಡಿದು ಕೂತ — ಆಮೇಲೆ ಸರಿತಾಳ ಯೋಚನೆ, ಮಾಮಾ, ಮಣ್ಣು ತೂತಿನಾಗ ಸಿಗಬಾರದಂದ್ರ ಪೈಪಿಗೆ ಬಟ್ಟಿ ತೊಡಸಬೇಕಲ್ಲ, ಅರಿವಿ ಆದರ ಕೊಳಿತದ, ಪಾಲಿಸ್ಟರ್ ಆದರ ಕೊಳಿಯಂಗಿಲ್ಲ, ಅಕ್ಕನ ಹಳೇ ಸೀರೆಗಳನ್ನು ಹುಡುಗಿಯರು ಉದ್ದುದ್ದ ತೋಳಿನಂತೆ ಹೊಲಿದರು, ನೀಲಿ, ಗುಲಾಬಿ, ಹಳದಿ ಹೂವಿನದು, ಪೈಪು ಮೆಲ್ಲಗೆ ಒಳಗೆ ಸರಿಯಿತು, ಗಯಾಸ ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ನಕ್ಕ, ಖಂಡಪ್ಪಣ್ಣ, ಪೈಪಿಗಿ ಲಂಗಾ ಹೊಲಸೀರಿ, ಶಾದಿ ಯಾವಾಗ, ನಮ್ಮ ಟ್ರ್ಯಾಲಿ ಮೆರವಣಿಗಿಗಿ ಖಾಲಿ ಅದ — ಆ ಪೈಪು ಮನೆಯ ಸುತ್ತ ಬಂದು, ಮೂಲೆಯಲ್ಲಿ ತಿರುಗಿ, ತಗ್ಗಿನ ಹಳ್ಳದ ದಂಡೆಯಲ್ಲಿ ಬಾಯಿ ತೆರೆಯಬೇಕು, ಆ ಮೂಲೆಯ ತಿರುವಿಗೆ ಬೇಕಾದದ್ದೇ ಈ ಎಲ್ಬೋ, ಶಹಾಪುರದಲ್ಲಿ ಆ ಅಳತೆ ಸಿಗದೆ ಯಾದಗಿರಿಗೆ ಹೋಗಿದ್ದು, ಕಾದಂಬರಿ ಓದಿದ್ದು, ಬಸ್ಸು ತಪ್ಪಿದ್ದು, ಈಗ ಈ ಬಿಳಿ ಗೆರೆ ಅಕ್ಕನ ಅಂಗಳಕ್ಕೇ ಹೊಕ್ಕಿದೆ, ಕಾಲು ತಾನಾಗಿ ಬಿರುಸಾಯಿತು.

ಕಾಲುವೆ ಇಲ್ಲ. ಖಂಡಪ್ಪ ತೋಡಿದ ಕಾಲುವೆ, ಮನೆಯ ಸುತ್ತ ಹಾರದಂತೆ ಬಿದ್ದಿದ್ದ ಕಾಲುವೆ, ಸೀರೆ ಉಟ್ಟ ಪೈಪಿನ ಮೇಲೆ ಒಂದು ಗೇಣು ಖಡಿ ಮಾತ್ರ ಹಾಕಿ ಬಿಟ್ಟು ಹೋಗಿದ್ದ ಕಾಲುವೆ — ಬಿಳಿ ಮಣ್ಣಿನಿಂದ ತುಂಬಿದೆ, ನೀರು ಹೊಡೆದಿದ್ದಾರೆ, ತುಳಿದಿದ್ದಾರೆ, ನುಣ್ಣಗೆ, ಸಾರಿಸಿದ ಅಂಗಳದ ಹಾಗೆ, ಖಡಿಯ ರಾಶಿ ಇದ್ದಲ್ಲೇ ಇದೆ, ಅದರ ಮೇಲೆ ಭಾವನ ತಾಯಿ ಹನುಮಮ್ಮ ಸೀರೆ ಮೊಣಕಾಲಿಗೆ ಕಟ್ಟಿ ಕೂತಿದ್ದಾಳೆ, ಪಾದಗಳೆರಡೂ ಬಿಳಿ, ಮುಖದಲ್ಲಿ ಹಬ್ಬ, ಬಂದೇನೋ ಮಗಾ, ನೋಡು, ನಿನ್ನ ಕೆಲಸ ನಾ ಮುಗಿಸೀನಿ, ನೀ ಓಡಿ ಹೋದಿ ಅಂತ ನಿಮ್ಮಕ್ಕ ಅಳಾಕತ್ತಿದ್ಲು, ನಾ ಅಂದೆ, ಹೋದರ ಹೋಗ್ಲಿ ಬಿಡ, ನಾವೇನು ಕೈ ಇಲ್ಲದವರೇನು, ಕಲ್ಲು ತುಂಬಿದರ ನೀರು ನಿಲ್ತದೇನೋ, ಕಲ್ಲಿನ ಸಂದಿಯಾಗ ನೀರು ನುಗ್ಗೇ ನುಗ್ಗತದ, ಅದಕ್ಕ ಗಯಾಸನ್ನ ಕಳಸಿ ಸವಳು ಮಣ್ಣು ತರಸೀನಿ, ನನ್ನ ಕಾಲದಾಗ ನಮ್ಮ ಮಾಳಿಗಿ ಒಂದು ಹನಿ ಸೋರಿಲ್ಲ. ಹಿಂದೆ ಭಾವ ನಿಂತಿದ್ದಾನೆ, ಅವನ ಪಾದಗಳೂ ಬಿಳಿ, ಅಕ್ಕನದೂ ಬಿಳಿ, ಇಡೀ ಮನೆ ಸೇರಿ ತುಳಿದಿದೆ, ಸರಿತಾಳ ಮುಖದಲ್ಲಿ ಮಾತ್ರ ಸಂಶಯ, ಮಾಮಾ ಇದು ಬರೋಬರಿ ಅದ ಅಲ್ಲ ಎಂದು ಮೆಲ್ಲಗೆ ಕೇಳಿದಳು, ಅಷ್ಟರಲ್ಲಿ ಸಂಭವಿಸಿತು ಆ ಘೋರ ಅನಾಹುತ ಎಂದು ಮನಸ್ಸು ಓದತೊಡಗಿ ಅಲ್ಲೇ ನಿಂತಿತು, ಪುಸ್ತಕದಲ್ಲಿ ಇಂಥದ್ದಕ್ಕೆ ಮಾತಿಲ್ಲ, ಮಾಳಿಗೆಯ ನೀರನ್ನು ತಡೆಯಬೇಕು, ನೆಲದ ನೀರನ್ನು ಒಳಗೆ ಕರೆದು ದಾರಿ ತೋರಿಸಬೇಕು, ಇವರು ದಾರಿಯನ್ನೇ ಮುಚ್ಚಿದ್ದಾರೆ, ಕೆಸರು ಇಳಿದು ಖಡಿಯ ಸಂದಿ, ಪೈಪಿನ ಸೀರೆ, ಎಲ್ಲಾ ಮೆತ್ತಿಕೊಂಡಿರುತ್ತದೆ, ನಾಳೆ ನೀರು ಬರುತ್ತದೆ, ಪೈಪಿನ ಬಾಗಿಲು ತಟ್ಟುತ್ತದೆ, ತೆರೆಯುವುದಿಲ್ಲ, ಹಳೆಯ ದಾರಿಯಲ್ಲೇ ಗೋಡೆಯ ಕೆಳಗಿಂದ ಕೋಣೆಗೆ ಹೊಗುತ್ತದೆ, ಹಳ್ಳದ ದಂಡೆಯಲ್ಲಿ ಪೈಪಿನ ಬಾಯಿ ಒಣಗಿಯೇ ಇರುತ್ತದೆ — ಅದು ಕಣ್ಣಿಗೆ ಕಟ್ಟಿತು, ಗುಂಡಗೆ, ಬೂದು ಬಣ್ಣದ, ಆಕಳಿಸಿದ ಹಾಗೆ ತೆರೆದ ಒಣ ಬಾಯಿ.

ಬಯ್ಯಬೇಕು, ಯಾರನ್ನು, ಈ ಬಿಳಿ ಪಾದಗಳನ್ನೇ, ಆ ವಯಸ್ಸಿನಲ್ಲಿ ಸೊಂಟ ಹಿಡಿದುಕೊಂಡು ಸುತ್ತ ತುಳಿದಿದ್ದಾಳೆ ಮುದುಕಿ, ಮೊಮ್ಮಗಳ ಕೋಣೆಗಾಗಿ, ಖಂಡಪ್ಪ ಎಲ್ಬೋ ಕೆಳಗಿಟ್ಟು ಖಡಿಯ ರಾಶಿಯ ಮೇಲೆ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ, ಆಯಿ, ನಿಮ್ಮ ಮಾಳಿಗಿ ಹೆಂಗ ಕಟ್ಟಿದ್ರಿ. ಹೆಂಗ ಅಂದ್ರ, ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಸೊಪ್ಪು, ಸೊಪ್ಪಿನ ಮ್ಯಾಲ ಮಣ್ಣು, ಎಲ್ಲಕ್ಕೂ ಮ್ಯಾಲ ಸವಳು. ಮಳಿ ಬಂದರ ಮಾಳಿಗಿ ನೀರು ಎಲ್ಲಿಂದ ಹೋಗ್ತಿತ್ರಿ. ಎಲ್ಲಿಂದ ಅಂದ್ರೇನೋ ಹುಚ್ಚಾ, ದೋಣಿ ಇರ್ತದಲ್ಲ, ಗ್ವಾಡಿಯಿಂದ ಹೊರಗ ಚಾಚಿದ ಕಲ್ಲಿನ ದೋಣಿ, ಅದರಾಗಿಂದ ಬೀದಿಗಿ ಬೀಳ್ತಿತ್ತು. ಆ ದೋಣಿ ಬಾಯಿಗಿ ಯಾರರ ಸವಳು ಮಣ್ಣು ಮೆತ್ತಿದರ. ಯಾವ ಮಳ್ಳ ಮೆತ್ತತಾನೋ, ಮೆತ್ತಿದರ ನೀರು ಮಾಳಿಗಿ ಮ್ಯಾಲೇ ನಿಂತು ಮನಿ ಕುಂತೇ ಹೋಗ್ತದ — ಎಂದವಳು ಅಲ್ಲೇ ನಿಂತಳು, ತುಳಿದ ಮಣ್ಣಿನ ಕಡೆ ನೋಡಿದಳು, ಹಳ್ಳದ ಕಡೆ ನೋಡಿದಳು, ಪೈಪು ಹೋಗುವ ದಾರಿಯನ್ನು ಬೆರಳಿನಿಂದ ಗಾಳಿಯಲ್ಲಿ ಎಳೆದಳು, ಗಲ್ಲಕ್ಕೆ ಕೈ ಹೋಯಿತು, ಅಯ್ಯ ಶಿವನೇ, ಆ ಪೈಪೇ ದೋಣಿ ಏನೋ, ನಾ ದೋಣಿ ಬಾಯಿಗೇ ಮೆತ್ತೀನೇನೋ ಖಂಡಪ್ಪಾ — ಭಾವ ತನ್ನ ಬಿಳಿ ಪಾದಗಳನ್ನು ನೋಡಿಕೊಂಡ, ಆಮೇಲೆ ಮುದುಕಿ ನಗತೊಡಗಿದಳು, ಹಲ್ಲಿಲ್ಲದ ಬಾಯಿ ತುಂಬ, ನಿನ್ನಿ ಸಂಜಿಯಿಂದ ತುಳಿದೀನಲ್ಲೋ, ಮಗನ್ನೂ ಸೊಸೀನ್ನೂ ಕರ್ಕೊಂಡು ತುಳಿದೀನಿ, ನಿಮ್ಮಪ್ಪ ಇದ್ದಿದ್ದರ ಬಾರಕೋಲು ತಗೋತಿದ್ದ ನೋಡಪಾ ಬಸವಂತ್ರಾಯ, ಖಂಡಪ್ಪನೂ ನಕ್ಕ, ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು, ಮತ್ತೆ ಮುದುಕಿಯ ದನಿ ಇಳಿಯಿತು, ಟ್ರ್ಯಾಲಿ ಮಣ್ಣು ಹಾಳಾತೇನೋ. ಹಾಳ್ಯಾಕ ರಿ ಆಯಿ, ನೀವೇ ಅಂದಿರಲ್ಲ, ಎಲ್ಲಕ್ಕೂ ಮ್ಯಾಲ ಸವಳು, ಖಡಿ ತುಂಬಿ ಮುಗದ ಮ್ಯಾಲ ಅದರ ಮ್ಯಾಲ ಇದೇ ಮಣ್ಣು ಹಾಕಿ ಗ್ವಾಡಿಯಿಂದ ಹೊರಗ ಇಳಿಜಾರು ಮಾಡಿ ತುಳಿಯೋಣು, ಮಳಿ ನೀರು ಒಳಗ ಇಳಿಯೋದಿಲ್ಲ, ನೆಲದ ನೀರು ಕೆಳಗಿಂದ ಕೆಳಗೇ ಹೋಗ್ತದ. ಹನುಮಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮತ್ತ ಕುಂತು ಏನ್ ಮಾಡಾಕತ್ತೀರಿ ಎಲ್ಲಾರೂ, ಗುದ್ದಲಿ ತಗೋರಿ, ನಾಳಿ ನೀರು ಬರ್ತದ.

ಬಗೆಯುವುದು, ಬುಟ್ಟಿ ತುಂಬುವುದು, ಎತ್ತಿ ಕೊಡುವುದು, ಬಿಳಿ ಮಣ್ಣು ಒದ್ದೆಯಾದರೆ ಬೆಣ್ಣೆ, ಗುದ್ದಲಿಗೆ ಅಂಟಿ ಬಿಡುವುದಿಲ್ಲ, ಭಾವ ಬನಿಯನ್ನಿನಲ್ಲಿ, ಗೇರು ಬದಲಿಸುವಂತೆ ಸಲಿಕೆ ಹಾಕುತ್ತಾನೆ, ಗಯಾಸ ಸುದ್ದಿ ಕೇಳಿ ಹಾರೆ ಹಿಡಿದು ಬಂದ, ತಪ್ಪು ನಂದೂ ಅದ ಅಣ್ಣ, ಬಿಲ್ಕುಲ್ ಕೇಳಲಿಲ್ಲ, ಆಯಿ ಹುಕುಂ ಮಾಡಿದ್ಲು, ತಂದು ಹೊಯ್ದೆ, ಪೈಪು ಹೊರಬಂದಾಗ ನೀಲಿ ಸೀರೆ ಬಿಳಿಯಾಗಿತ್ತು, ಹೂವೆಲ್ಲ ಅಳಿಸಿದ ಹಾಗೆ, ಹುಡುಗಿಯರು ಬಂದರು, ಹೊಲಿಗೆ ಬಿಟ್ಟು ನಳದ ಕೆಳಗೆ ಆ ಉದ್ದದ ತೋಳುಗಳನ್ನು ಹಿಡಿದು ಕುಕ್ಕಿ ಒಗೆದರು, ಯಾರ ಬಾಣಂತನದ್ದೇ ಇಷ್ಟು ಉದ್ದ ಬಟ್ಟಿ ಎಂದು ಒಬ್ಬಳು, ಬಾವಿಮನಿದು ಎಂದು ಇನ್ನೊಬ್ಬಳು, ಕಿಲಕಿಲ, ಖಡಿಯನ್ನು ಬುಟ್ಟಿಯಲ್ಲಿ ಅಲುಗಿಸಿ ತೊಳೆದು ಹಾಕಿದರು, ಪೈಪು ಮತ್ತೆ ಮಲಗಿತು, ತೂತು ಕೆಳಗೆ, ಭಾವನೇ ಬಗ್ಗಿ ನೋಡಿ ಹೇಳಿದ, ತೂತು ಕೆಳಗ ಅದಾವ ನೋಡ್ರಿ, ಮೂಲೆಗೆ ಎಲ್ಬೋ ಕೂತಿತು, ಟಕ್ ಎಂದು, ಆ ಸದ್ದು ಎದೆಯೊಳಗೆ ಆಯಿತು, ಖಡಿ ಬಿತ್ತು, ಖಡಿಯ ಮೇಲೆ ಖಡಿ, ಮೇಲೆ ಹಳೆಯ ಚೀಲದ ಹೊದಿಕೆ, ಕಡೆಗೆ ಸವಳು ಮಣ್ಣು, ಹನುಮಮ್ಮ ಮತ್ತೆ ಸೀರೆ ಎತ್ತಿ ಕಟ್ಟಿದಳು, ಗೋಡೆಗೆ ಕೈಯೂರಿ ತುಳಿದಳು, ಈಗ ಅವಳ ಹೆಜ್ಜೆಗೆ ತಪ್ಪಿಲ್ಲ, ಎಲ್ಲಿ ಎತ್ತರ ಎಲ್ಲಿ ಇಳಿ ಎಂದು ಪಾದಕ್ಕೇ ಗೊತ್ತು, ಏ ಸರಿತಾ ಅಲ್ಲಿ ಗುಣಿ ಬಿತ್ತು ನೋಡು, ಏ ಗಯಾಸ ನೀರು ಕಮ್ಮಿ ಹೊಡಿ, ಸಂಜೆಗೆಂಪು ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಮೇಲೆ, ಆ ಬುದ್ಧನ ಮೂಗಿನ ತುದಿಯಲ್ಲಿ, ಮುಗಿಯಿತು, ಮುಗಿಯಿತೇ, ಒಂದು ಕೆಲಸ ಮುಗಿದರೆ ಹೀಗಿರುತ್ತದೆಯೇ, ಆದರೂ ಕಣ್ಣು ಮುಚ್ಚಿದರೆ ಅದೇ, ಹಳ್ಳದ ದಂಡೆಯ ಒಣ ಬಾಯಿ, ಗುಂಡಗೆ, ತೆರೆದದ್ದು.

ಬೆಳಿಗ್ಗೆ ಮನೆಯ ಹಿಂದಿನ ಕಾಲುವೆ ತುಂಬಿ ಬಂತು, ಮೊದಲು ಸದ್ದು, ಆಮೇಲೆ ನೊರೆ, ಒಣಕಡ್ಡಿ, ಚಪ್ಪಲಿ, ಆಮೇಲೆ ನೀರು, ಅಂಗಳದ ಮುಂದೆ ಗಯಾಸನ ಟ್ರ್ಯಾಕ್ಟರ್ ಗರಸು ತುಂಬಿಕೊಂಡು ನಿಂತಿದೆ, ಭಾವ ಆಣೆ ಹಾಕಿದ ದಿನವೇ ಹೇಳಿಟ್ಟದ್ದು, ಬೇಡ ಎನ್ನಲು ಯಾರಿಗೂ ನೆನಪಾಗಿಲ್ಲ, ಅಥವಾ ಭಾವನಿಗೆ ನೆನಪಿದ್ದೂ ಹೇಳಲಿಲ್ಲ, ಇಳಸ್ಲೋ ಒಯ್ಯಲೋ ಬಸವಂತ್ರಾಯ್ರೇ, ತಡಿಯೋ, ಭಾವ ಕೋಣೆಗೆ ಇಳಿಯುತ್ತಾನೆ, ಹತ್ತುತ್ತಾನೆ, ಸರಿತಾ ಮೆಟ್ಟಿಲ ಮೇಲೆ ಕೂತು ದಾರದ ಉಂಡೆ ಸುತ್ತಿ ಬಿಚ್ಚಿ ಸುತ್ತುತ್ತಾಳೆ, ಖಂಡಪ್ಪ ಹಳ್ಳದ ದಂಡೆಯಲ್ಲಿ, ಪೈಪಿನ ಬಾಯಿಯ ಎದುರು, ಒಣ, ಬಿಸಿಲು ಏರಿತು, ಒಣ, ಒಂದು ಇರುವೆ ಅದರ ಅಂಚಿನ ಸುತ್ತ ಪ್ರದಕ್ಷಿಣೆ ಹಾಕಿ ಒಳಗೆ ಇಣುಕಿ ಹಿಂದಿರುಗಿತು, ಇಳಿಜಾರು ತಪ್ಪಿತೇ, ಸೀರೆ ಸರಿಯಾಗಿ ಒಗೆದರೇ, ಪುಣೆಯಲ್ಲಿ ನೋಡಿದ್ದು ನೋಡಿದ್ದೇ ಅಥವಾ ಮಣ್ಣು ಹೊರುತ್ತಾ ಕಂಡ ಕನಸೇ, ಅಕ್ಕ ರೊಟ್ಟಿ ಕಟ್ಟಿರುತ್ತಾಳೆ, ಕಟ್ಟಲಿ, ಓಡಲೇ, ಈಗಲೇ, ಇಲ್ಲ, ಕಾಲು ಏಳುವುದಿಲ್ಲ, ಇರುವೆ ಮತ್ತೆ ಬಂತು, ಬಂದದ್ದು ಗಾಬರಿಯಾದಂತೆ ಅಂಚಿಗೆ ಹತ್ತಿತು, ಯಾಕೆ, ಒಳಗೆ ಕತ್ತಲೆಯಲ್ಲಿ ಏನೋ ಮಿಣುಕಿತು, ಅಂಚಿಗೆ ಬಂತು, ಬಿಳಿ ಹನಿ, ಮಜ್ಜಿಗೆಯ ಹನಿ, ತೂಗಿತು, ಬಿತ್ತು, ಇನ್ನೊಂದು, ಇನ್ನೊಂದು, ಹನಿ ಹನಿ ಸೇರಿ ನೂಲಾಯಿತು, ಬಂತು ಎಂದು ಕೂಗಿದ್ದು ತನ್ನ ದನಿಯೇ ಎಂದು ಅವನಿಗೆ ಆಮೇಲೆ ತಿಳಿಯಿತು, ಎಲ್ಲರೂ ಓಡಿ ಬಂದರು, ಬಿಳಿ ನೀರು ನೋಡಿ ಹನುಮಮ್ಮ, ನೋಡ್ರಿ ನೋಡ್ರಿ, ನನ್ನ ಮಣ್ಣೇ ಮೊದಲ ಬಂತು, ಆ ಬಿಳಿಯೂ ಕರಗಿ ನೂಲು ತಿಳಿಯಾಯಿತು, ಬೆರಳಿನಷ್ಟು ದಪ್ಪವಾಯಿತು, ಭಾವ ಮಾತ್ರ ಓಡಿ ಬರಲಿಲ್ಲ, ಬರಿಗಾಲಿನಲ್ಲಿ ಕೋಣೆಗಿಳಿದಿದ್ದ, ಮೂಲೆ ಮೂಲೆಗೂ ಅಂಗೈ ಒತ್ತಿ ನೋಡಿ ಮೇಲೆ ಬಂದ, ಬಂದು ಮಗಳ ಮುಂದೆ ಅಂಗೈ ಚಾಚಿದ, ಧೂಳು, ಒಣ ಧೂಳು, ಮಷಿನ್ ಎಲ್ಲಿಡ್ತಿ ತೋರಸವಾ, ಅಷ್ಟೇ ಅಂದ, ಸರಿತಾ ಆ ಧೂಳಿನ ಕೈಯನ್ನೇ ಹಿಡಿದುಕೊಂಡು ಮೆಟ್ಟಿಲು ಇಳಿದಳು, ಗಯಾಸ ಮತ್ತೆ, ಮತ್ತ ಗರಸು ರಿ, ಭಾವ ಒಳಗಿನಿಂದಲೇ ಕೂಗಿದ, ಬೀದ್ಯಾಗಿನ ತಗ್ಗಿಗಿ ಹೊಯ್ಯೋ, ನಾಳಿಂದ ಹುಡುಗ್ಯಾರು ಬರೋ ದಾರಿ ಅದ.

ಚೀಲ ಹಗುರ, ಎರಡು ಅಂಗಿ, ಒಂದು ಲುಂಗಿ, ಮುಖಪುಟ ಹರಿದ ಕಾದಂಬರಿ, ನಾಳಿ ಮಷಿನ್ ಇಳಸ್ತೀವಿ ಮಾಮಾ, ಇದ್ದು ನೋಡಿ ಹೋಗ್ರಿ, ಸರಿತಾ ಬಾಗಿಲಿಗೆ ಅಡ್ಡ ನಿಂತಳು, ಹುಡುಗ್ಯಾರ ನಡುವ ನಾ ಏನ್ ಹೊಲೀಲವ್ವ, ದೀಪಾವಳಿಗಿ ಬರ್ತೀನಿ, ಒಂದು ಅಂಗಿ ಹೊಲದಿಡು, ಬಗಲಾಗ ಬಿಗಿ ಆಗಬಾರದು, ಅಕ್ಕ ರೊಟ್ಟಿಯ ಗಂಟು ಚೀಲಕ್ಕೆ ತುರುಕಿದಳು, ಮೇಲೆ ರೊಟ್ಟಿಗೆಂದು ಶೇಂಗಾದ ಹಿಂಡಿ, ಈ ಸಲ ಚುಚ್ಚುಮಾತಿಲ್ಲ, ಮುಗಿಸಿ ಹೊಂಟೀದಿ ತಮ್ಮಾ ಎಂದು ಮಾತ್ರ ಅಂದಳು, ಒಳಗೆ ಹೋದಳು, ಬಸ್ಸು ಬಂತು, ಕಿಟಕಿಯ ಪಕ್ಕ ಜಾಗ, ಇತ್ತ ನಮ್ಮ ಕಥಾನಾಯಕನು ದಿಗಂತದತ್ತ — ದಿಗಂತ ಯಾವ ಕಡೆ, ಯಾದಗಿರಿಯಲ್ಲಿ ಯಾವ ರೈಲು ಮೊದಲು ಬರುತ್ತದೋ ಆ ಕಡೆ, ಮುಂಬೈಯಾದರೆ ಮುಂಬೈ, ಮದ್ರಾಸಾದರೆ ಸಮುದ್ರ ನೋಡಿದ ಹಾಗಾಯಿತು, ಅಂಗೈಯ ಬೊಬ್ಬೆ ಗಟ್ಟಿಯಾಗಿದೆ, ಯಾವ ಕೆಲಸಕ್ಕೂ ಆದೀತು, ವಡಗೇರಾದ ಒಬ್ಬ ಚಹಾದವನು ಯಾರೋ ಬಾವಿ ತೋಡಿಸುತ್ತಾರೆ ಅಂದಿದ್ದ, ಅಲ್ಲಿಗೂ ಹೋಗಬಹುದು, ಅಥವಾ — ಬಸ್ಸು ಹಳ್ಳದ ಸೇತುವೆಗೆ ಬಂದು ಎದುರಿನ ಮೇವಿನ ಗಾಡಿಗೆ ದಾರಿ ಬಿಟ್ಟು ನಿಂತಿತು, ಕೆಳಗೆ ದಂಡೆಯಲ್ಲಿ ಹನುಮಮ್ಮ ಕೂತಿದ್ದಾಳೆ, ಒಬ್ಬಳೇ, ಪೈಪಿನ ಬಾಯಿಯ ಕೆಳಗೆ ಬೊಗಸೆ ಹಿಡಿದು, ನೀರು ಬೊಗಸೆ ತುಂಬುತ್ತದೆ, ಬೆರಳ ಸಂದಿಯಿಂದ ಚೆಲ್ಲುತ್ತದೆ, ಮತ್ತೆ ತುಂಬುತ್ತದೆ, ಅವಳು ಕೈ ತೆಗೆಯುವುದಿಲ್ಲ, ಕುಡಿಯುವುದೂ ಇಲ್ಲ, ಮುಂಬೈಯೋ ಮದ್ರಾಸೋ, ತುಂಬುತ್ತದೆ, ಚೆಲ್ಲುತ್ತದೆ, ಬಸ್ಸು ಹೊರಟಿತು, ತುಂಬುತ್ತದೆ, ಆ ಬೊಗಸೆ —